ಅಧರ್ ಚಮಚ ಸಾಸಿವೆ

ನಮ್ಮೂರು ಜಾಲಿ. ಹೆಸರು ಕೇಳಿದರೆ ಬೆಂಗಳೂರಿನ ನೆಂಟರಿಗೆ ಮೋಜು ನೆನಪಾಗುತ್ತದೆ, ನನಗೆ ಮುಳ್ಳು. ಭಟ್ಕಳ ಪೇಟೆಯಿಂದ ಪಡುವಣಕ್ಕೆ ಹೊರಟರೆ ಸಮುದ್ರ ಸಿಗುವ ಮೊದಲು ನಾವು ಸಿಗುತ್ತೇವೆ. ಇಲ್ಲಿಯ ಉಪ್ಪುಗಾಳಿಗೆ ಗೇಟು, ಸೈಕಲ್ಲು, ಫ್ರಿಜ್ಜಿನ ಬುಡ ಯಾವುದೂ ಬಾಳುವುದಿಲ್ಲ. ಕಂಪ್ಯೂಟರು ಐದು ಮಳೆಗಾಲ ದಾಟಿದರೆ ದೊಡ್ಡದು. ಹಾಗಾಗಿ ಹೊಸ ಯಂತ್ರ ತರುವ, ತಂದು ಬೈದುಕೊಳ್ಳುವ ಯೋಗ ನಮಗೆ ಘಟ್ಟದ ಮೇಲಿನವರಿಗಿಂತ ಒಂದು ಹಿಡಿ ಹೆಚ್ಚು.

ಕಳೆದ ಶ್ರಾವಣದಲ್ಲಿ ನನ್ನ ನಾಲ್ಕನೆಯ ಕಂಪ್ಯೂಟರು ಕಣ್ಣು ಮುಚ್ಚಿತು. ದುಬೈಯಲ್ಲಿರುವ ಮಗಳು ಲ್ಯಾಪ್‌ಟಾಪೂ ಫೋನೂ ಒಟ್ಟಿಗೇ ಕೊಡಿಸಿದಳು. ಹಳೆಯ ಡಿಸ್ಕಿನಿಂದ ಕಡತಗಳನ್ನೆಲ್ಲ ಹೊಸದಕ್ಕೆ ಸಾಗಿಸಿದ್ದಾಯಿತು. ಮೊದಲು ತೆರೆದದ್ದು ಅಮ್ಮನ ಅಡುಗೆ. ಅಮ್ಮ ಸಿದ್ದಾಪುರದ ಕಡೆಯವಳು. ಅಪ್ಪೆಹುಳಿ, ಹತ್ತಾರು ಬಗೆಯ ತಂಬುಳಿ, ಗೊಜ್ಜು ಎಲ್ಲವನ್ನೂ ಅವಳ ಬಾಯಿಂದ ಕೇಳಿ ನೋಟ್‌ಬುಕ್ಕಿನಲ್ಲಿ ಬರೆದುಕೊಂಡು, ಆಮೇಲೆ ತಿಂಗಳುಗಟ್ಟಲೆ ಕುಟ್ಟಿ ಕುಟ್ಟಿ ಕಂಪ್ಯೂಟರಿಗೆ ಏರಿಸಿದ್ದೆ. ಏರಿಸಿಯಾಯಿತಲ್ಲ ಎಂದು ಬೂಸಲು ಹಿಡಿದ ನೋಟ್‌ಬುಕ್ಕನ್ನು ಬಚ್ಚಲ ಒಲೆಗೆ ಹಾಕಿದವಳೂ ನಾನೇ. ಮೂವತ್ತು ವರ್ಷ ಶಾಲೆಯಲ್ಲಿ ಪಾಠ ಹೇಳಿದವಳ ಬುದ್ಧಿ ಇದು.

ಕಡತ ತೆರೆಯಿತು. ಕನ್ನಡ ಇರಲಿಲ್ಲ. ತಲೆಯ ಮೇಲೆ ಗೀಟು ಹೊತ್ತ ಇಂಗ್ಲಿಷ್ ಅಕ್ಷರಗಳು, ನಡುನಡುವೆ ಎಂದೂ ಕಾಣದ ಚಿಹ್ನೆಗಳು, ಹತ್ತು ಪುಟ ತುಂಬ.

ಪೇಟೆಯ ಮೊಬೈಲ್ ಅಂಗಡಿಗೆ ಹೊತ್ತುಕೊಂಡು ಹೋದೆ. ಅಂಗಡಿಯವ ನವಾಯತರ ಹುಡುಗ. ಹುಡುಗ ಎನ್ನುವುದು ನನ್ನ ಲೆಕ್ಕ, ಅವನಿಗೂ ಐವತ್ತರ ಹತ್ತಿರ. ನೋಡಿದವನೇ ನಕ್ಕ. "ಅಕ್ಕೋರೇ, ಕನ್ನಡ ಎಲ್ಲಿಗೂ ಹೋಗ್ಲಿಲ್ಲ. ಮೊದ್ಲಿಂದ ಇದ್ದದ್ದೇ ಇದು. ಮೇಲೆ ಹೊದಿಸಿದ ಬಟ್ಟೆ ಜಾರಿದೆ, ಅಷ್ಟೇ."

ಅವನು ಹೇಳಿದ್ದು ಅಕ್ಷರಶಃ ನಿಜ. ಆ ಕಾಲದ ಫಾಂಟಿನಲ್ಲಿ ಇದ್ದದ್ದು 256 ಕೋಣೆ, ಅವುಗಳಲ್ಲೂ ಒಳ್ಳೆಯವನ್ನು ಇಂಗ್ಲಿಷ್ ಮೊದಲೇ ಹಿಡಿದಿತ್ತು. ಕಾಗುಣಿತ, ಒತ್ತು ಎಲ್ಲ ಕಟ್ಟಿಕೊಂಡು ಬರುವ ಕನ್ನಡದ ಕೂಡುಕುಟುಂಬ ಅಲ್ಲಿ ಹೇಗೆ ಹಿಡಿದೀತು? ಅದಕ್ಕೆ ಅಕ್ಷರವನ್ನೇ ತುಂಡರಿಸಿದರು. ಮೈ ಒಂದು ಕೋಣೆಗೆ, ತಲೆಕಟ್ಟು ಇನ್ನೊಂದಕ್ಕೆ. ನಾನು 'ಕನ್ನಡ' ಎಂದು ಬರೆದಾಗ ಯಂತ್ರ ಬರೆದುಕೊಂಡದ್ದು ಇಂಗ್ಲಿಷಿನ ಪಿ, ಅದಕ್ಕೆ ತಲೆಕಟ್ಟಾಗಿ ಗೀಟು ಹೊತ್ತ ಎ. ನಕಾರದ ಜಾಗದಲ್ಲಿ ಬ್ರಿಟಿಷರ ಪೌಂಡಿನ ಗುರುತು, ಅದರ ಒತ್ತಿಗೆ ಜರ್ಮನರ ಒಂದು ಅಕ್ಷರ. ಹೀಗೆ ಅಮ್ಮನ ತಂಬುಳಿಯ ತುಂಬ ಇಷ್ಟು ವರ್ಷ ಪೌಂಡು ತೇಲುತ್ತಿತ್ತು, ನನಗೇ ತಿಳಿಯದೆ.

ಇದು ಯಾರ ಮೋಸವೂ ಅಲ್ಲ. 1998ರಲ್ಲಿ ಶೇಷಾದ್ರಿವಾಸು ಅವರು 'ಬರಹ' ಕೊಟ್ಟಾಗ, ಆಮೇಲೆ ಕನ್ನಡ ಗಣಕ ಪರಿಷತ್ತಿನ 'ನುಡಿ' ಬಂದಾಗ, ಇಂಥ ಉಪಾಯ ಇಲ್ಲದಿದ್ದರೆ ಪರದೆಯ ಮೇಲೆ ಕನ್ನಡ ಮೂಡುತ್ತಲೇ ಇರಲಿಲ್ಲ. ನಮ್ಮ ಕರಾವಳಿಯವರೇ ಆದ ಕಿನ್ನಿಕಂಬಳದ ಕೆ. ಪಿ. ರಾವ್ ರೂಪಿಸಿದ ಕೀಲಿಮಣೆಯ ವಿನ್ಯಾಸದಲ್ಲೇ ನಾನೂ ಬೆರಳು ಪಳಗಿಸಿದ್ದು. ಹೊಟ್ಟೆ ಉರಿಯುವ ಸಂಗತಿ ಬೇರೆಯೇ ಇದೆ. ಯೂನಿಕೋಡಿನಲ್ಲಿ ಕನ್ನಡಕ್ಕೆ 1991ರಲ್ಲೇ ಸ್ವಂತ ಮನೆ ಸಿಕ್ಕಿತ್ತು, ಬಾಡಿಗೆ ಕೋಣೆಯ ಹಂಗಿಲ್ಲದ್ದು. 2001ರ ವಿಂಡೋಸ್ ಎಕ್ಸ್‌ಪಿಯ ಸಿ.ಡಿ.ಯೊಳಗೆ 'ತುಂಗಾ' ಎಂಬ ಯೂನಿಕೋಡ್ ಫಾಂಟೂ ಇತ್ತು. ಒಂದು ಚೌಕಕ್ಕೆ ಟಿಕ್ ಹಾಕಿದ್ದರೆ ಎದ್ದು ಬರುತ್ತಿತ್ತು. ನಾನು ಅಮ್ಮನ ಅಡುಗೆ ಕುಟ್ಟಿದ್ದು ಅದೇ ಎಕ್ಸ್‌ಪಿಯಲ್ಲಿ, 2004ರಲ್ಲಿ. ಹೊಳೆಯ ದಂಡೆಯ ಮೇಲೆ ಕೂತು ಬಾವಿ ತೋಡಿದೆ.

ಅಂಗಡಿಯವ ಚಾ ತರಿಸಿದ. "ನಮ್ದೂ ಇದೇ ಕತೆ" ಎಂದು ಶುರುಮಾಡಿದ. ಮೊಬೈಲಿಗೆ ಇಳಿಯುವ ಮೊದಲು ಅವನು ಮದುವೆ ಕಾಗದಗಳ ಡಿಟಿಪಿ ಮಾಡುತ್ತಿದ್ದವ, ಉರ್ದುವಿನಲ್ಲಿ. ಉರ್ದುವಿನ ನಸ್ತಾಲೀಕ್ ಬರಹ ನಮ್ಮ ಒತ್ತಕ್ಷರಕ್ಕಿಂತ ಘಾಟಿ. ಎಡಕ್ಕೆ ಹರಿಯುತ್ತ ಕೆಳಕ್ಕೂ ಇಳಿಯುತ್ತದೆ. ಅಚ್ಚಿನ ಮೊಳೆಗೆ ಅದು ಬಗ್ಗದೆ ಉರ್ದು ಪತ್ರಿಕೆಗಳನ್ನು ಕಾತಿಬರು ಕೈಯಲ್ಲೇ ಬರೆದು ಅಚ್ಚಿಗೆ ಕೊಡುತ್ತಿದ್ದರು. 1981ರಲ್ಲಿ ಪಾಕಿಸ್ತಾನದ ಮಿರ್ಜಾ ಅಹ್ಮದ್ ಜಮೀಲ್ ಸಾವಿರಾರು ಅಕ್ಷರಜೋಡಣೆಗಳನ್ನು ಕೈಯಲ್ಲಿ ಬರೆದು ಯಂತ್ರಕ್ಕೆ ಒಪ್ಪಿಸಿದ ಮೇಲೆಯೇ ಕಾತಿಬರ ಕೈಗೆ ಬಿಡುವು ಸಿಕ್ಕಿದ್ದು. ಅದೇ ಬರಹ 1994ರಲ್ಲಿ ಇನ್‌ಪೇಜ್ ತಂತ್ರಾಂಶದಲ್ಲಿ ಬಂತು, ಅದರ ಹಳೆಯ ಆವೃತ್ತಿಗಳಿಗೂ ತಮ್ಮದೇ ಸಂಕೇತ. "ನನ್ನ ಪೆಟ್ಟಿಗೆಯಲ್ಲಿ ಭಟ್ಕಳದ ಅರ್ಧ ಊರಿನ ನಿಕಾಹ್ ಉಂಟು ಅಕ್ಕೋರೇ. ಹೊಸ ಕಂಪ್ಯೂಟರಿನಲ್ಲಿ ಗಂಡೂ ಇಲ್ಲ, ಹೆಣ್ಣೂ ಇಲ್ಲ."

ನನಗೆ 1843ರ 'ಮಂಗಳೂರು ಸಮಾಚಾರ' ನೆನಪಾಯಿತು. ಕನ್ನಡದ ಈ ಮೊದಲ ಪತ್ರಿಕೆಯನ್ನು ಬಾಸೆಲ್ ಮಿಶನ್ನಿನ ಮೋಗ್ಲಿಂಗ್ ಹೊರತಂದದ್ದು ಕಲ್ಲಚ್ಚಿನಲ್ಲಿ. ಮುಂದೆ ಮೊಳೆಯಚ್ಚನ್ನು ಹುಡುಕಿಕೊಂಡು ಬಳ್ಳಾರಿಗೆ ಹೋದ ಪತ್ರಿಕೆ 'ಕನ್ನಡ ಸಮಾಚಾರ' ಆಯಿತು. ಯಂತ್ರ ಹೊಸದಾದ ಕೂಡಲೇ ಹೆಸರೂ ಹೋಯಿತು ನೋಡಿ. ಒಂದು ವ್ಯತ್ಯಾಸ ಮಾತ್ರ ಉಂಟು: ಕಲ್ಲಿನ ಮೇಲೆ ಅಚ್ಚಾದ ಆ ಹಾಳೆಯನ್ನು ಇವತ್ತು ಕನ್ನಡಕ ಹಾಕಿಕೊಂಡು ಓದಬಹುದು, ಪರಿವರ್ತಕ ಬೇಡ.

ನನಗೆ ಬೇಕಾಯಿತು. ಹಳೆಯ ಫಾಂಟಿನದನ್ನು ಯೂನಿಕೋಡಿಗೆ ತಿರುಗಿಸುವ ಒಂದು ಪುಕ್ಕಟೆ ಪರಿವರ್ತಕವನ್ನು ಅವನೇ ಹುಡುಕಿಕೊಟ್ಟ. ಒತ್ತಿದೆ. ಪೌಂಡು, ಪಿ ಎಲ್ಲ ಮಾಯವಾಗಿ ಕನ್ನಡ ಎದ್ದು ನಿಂತಿತು. ಕಣ್ಣು ತುಂಬಿತು ಎಂದರೆ ಸುಳ್ಳಲ್ಲ. ಓದಿ ನೋಡದೆ, ಅಂಗಡಿಯಲ್ಲಿ ನಿಂತಲ್ಲಿಂದಲೇ ಮಗಳಿಗೆ ಕಳಿಸಿಬಿಟ್ಟೆ. ಮಕ್ಕಳ ಉತ್ತರಪತ್ರಿಕೆಯನ್ನು ಎರಡೆರಡು ಸಲ ನೋಡುತ್ತಿದ್ದವಳಿಗೆ ಅವತ್ತು ಅಷ್ಟು ಅವಸರ.

ಮನೆಗೆ ಬಂದು ಓದಿದರೆ, ಅರ್ಕಾವೊತ್ತು ಕೈಕೊಟ್ಟಿದೆ. ಬಾಯಲ್ಲಿ ಮೊದಲು ಬರುವ ರಕಾರವನ್ನು ನಾವು ಅಕ್ಷರದ ಬಲಕ್ಕೆ ಕೊಂಬಿನ ಹಾಗೆ ಬರೆಯುತ್ತೇವಲ್ಲ, ಹಳೆಯ ಫಾಂಟು ಅದನ್ನು ಕಣ್ಣಿಗೆ ಕಂಡಂತೆ ಹಿಂದೆಯೇ ಇಟ್ಟುಕೊಂಡಿತ್ತು. ಯೂನಿಕೋಡಿಗೆ ಬಾಯಿಯ ಕ್ರಮ ಬೇಕು. ಪರಿವರ್ತಕಕ್ಕೆ ಕಣ್ಣೂ ಇಲ್ಲ, ಬಾಯಿಯೂ ಇಲ್ಲ. ವರ್ಷ 'ವಷರ್' ಆಗಿತ್ತು, ಕರ್ನಾಟಕ 'ಕನಾರ್ಟಕ'. ಅಮ್ಮನ ಅಡುಗೆಯಲ್ಲಿ ಅರ್ಧ ಎಂಬ ಮಾತು ಎಷ್ಟು ಸಲ ಬರುತ್ತದೆ ಎಂಬುದು ಅವತ್ತೇ ಗೊತ್ತಾದದ್ದು. ಅಧರ್ ಚಮಚ ಸಾಸಿವೆ. ಅಧರ್ ಕಡಿ ಕಾಯಿ. ಬೆಲ್ಲ ಅಧರ್ ಅಚ್ಚು.

ರಾತ್ರಿ ಹತ್ತೂವರೆಗೆ ಮಗಳ ಫೋನು. ಅವಳು ಅಲ್ಲಿಯೇ ಹುಟ್ಟಿದ ಮೊಮ್ಮಗನಿಗೆ ಕನ್ನಡ ಓದಲು ಕಲಿಸುತ್ತಿದ್ದಾಳೆ. ಅಜ್ಜಿಯ ಅಮ್ಮನ ಅಡುಗೆ ಎಂದು ಅವನೇ ಗಟ್ಟಿಯಾಗಿ ಓದಿದನಂತೆ, ಇವಳು ಮಾಡಿದಳಂತೆ.

"ಅಪ್ಪೆಹುಳಿ ಚಲೋ ಆಯ್ತು ಆಯಿ" ಎಂದಳು. "ಆದ್ರೆ ಈ ಅಧರ್ ಅಂದ್ರೆ ಎಷ್ಟು? ಸಿದ್ದಾಪುರದ ಬದಿ ಅಳತೆಯಾ? ನಾ ಒಂದು ಚಮಚ ತುಂಬ ಹಾಕ್ದೆ."