ಬಡಿಗ ಬೇಡದ ದೋಣಿ

ಕಟ್ಟಿಗೆಯ ದೋಣಿ ಮಾಡುವವರನ್ನು ಹುಡುಕಿಕೊಂಡು ಬೈಲಹೊಂಗಲದಿಂದ ಸವದತ್ತಿಯ ಕಡೆ ಹೊರಟಿದ್ದೆ. ಬಾಚಿ, ಉಳಿ, ಸಾಗವಾನಿಯ ಹಲಗೆ, ಮೊಳೆ ಬಡಿಯುವ ಸದ್ದು, ಎಲ್ಲವನ್ನೂ ದಾರಿಯಲ್ಲೇ ಮನಸ್ಸಿನಲ್ಲಿ ಬರೆದುಕೊಂಡಾಗಿತ್ತು. ಮಲಪ್ರಭಾ ಹೊಳೆಯ ರೇಣುಕಾಸಾಗರದ ಹಿನ್ನೀರಿನ ದಂಡೆಗೆ ಸಿಕ್ಕ ಅಜ್ಜನ ಮುಂದೆ ಇದ್ದದ್ದು ಒಂದು ಕತ್ತಿ, ಒಂದು ರಾಶಿ ಬಿದಿರಿನ ದಬ್ಬೆ.

“ದೋಣಿ ಎಲ್ಲೈತ್ರೀ ಅಜ್ಜಾರ?”

“ಅದರ ನೆರಳಾಗ ಕುಂತೀಯಲ್ಲೋ ತಮ್ಮಾ.”

ಹೌದು. ಕೋಲಿನ ಆಸರೆಗೆ ಓರೆಯಾಗಿ ನಿಲ್ಲಿಸಿದ್ದ ದೊಡ್ಡ ಬುಟ್ಟಿಯ ನೆರಳಲ್ಲಿ ಕೂತು ನೀರು ಕುಡಿಯುತ್ತಿದ್ದೆ. ಅದೇ ಹರಗೋಲು. ಅದಕ್ಕೆ ಬಡಿಗ ಬೇಡ, ಒಂದು ಮೊಳೆಯೂ ಬೇಡ.

ದಬ್ಬೆಗಳನ್ನು ಅಡ್ಡಡ್ಡ ಹಾಸಿ ತಳ ಹೆಣೆಯುತ್ತಾರೆ. ಅದು ಅಲುಗದಂತೆ ಮೇಲೆ ಕಲ್ಲು ಹೇರಿ, ಸುತ್ತಲಿನ ತುದಿಗಳನ್ನು ಬಗ್ಗಿಸಿ ಮೇಲೆತ್ತಿ, ಅಂಚು ಬಿಗಿಯುತ್ತಾರೆ. ಹಿಂದೆ ಹೊರಗೆ ತೊಗಲು ಹೊದಿಸುತ್ತಿದ್ದರು. ಈಗ ಗೊಬ್ಬರದ ಚೀಲಗಳನ್ನು ಹೊಲಿದು ಡಾಂಬರು ಬಳಿಯುತ್ತಾರೆ. ಚೀಲದ ಮೇಲಿನ ಯೂರಿಯಾದ ಅಕ್ಷರಗಳು ಒಳಗಿನಿಂದ ಇನ್ನೂ ಕಾಣುತ್ತಿದ್ದವು. ಮಲಪ್ರಭೆ ಹುಟ್ಟುವುದು ಖಾನಾಪುರ ತಾಲೂಕಿನ ಕಣಕುಂಬಿಯಲ್ಲಿ. ಬಿದಿರು ಬೆಳೆಯುವುದೂ ಆ ಕಾಡುಸೀಮೆಯಲ್ಲೇ. ಹೊಳೆಗೂ ಹರಗೋಲಿಗೂ ತವರು ಒಂದೇ ಎಂದು ನಾನು ಜಾಣತನ ತೋರಿಸಿದರೆ ಅಜ್ಜ, “ಬಿದಿರಿಗೆ ರೊಕ್ಕ ಕೊಡಬೇಕಪಾ, ಹೊಳಿ ಪುಕ್ಕಟೆ ಬರತೈತಿ” ಎಂದ.

ಕಲ್ಲುಬಂಡೆಯ ಹೊಳೆಗೆ ಇದಕ್ಕಿಂತ ಒಳ್ಳೆಯ ದೋಣಿ ಇಲ್ಲ ಎಂಬುದು ಅವನ ತೀರ್ಪು. ಬಂಡೆಗೆ ಬಡಿದರೆ ಹಲಗೆ ಒಡೆಯುತ್ತದೆ, ಬಿದಿರು ಬಾಗಿ ಪುಟಿಯುತ್ತದೆ. ತಳ ಚಪ್ಪಟೆ, ಮೊಣಕಾಲುದ್ದ ನೀರಿದ್ದರೂ ತೇಲುತ್ತದೆ. ಕೆಲಸ ಮುಗಿದ ಮೇಲೆ ತಲೆಯ ಮೇಲೆ ಹೊತ್ತು ಮನೆಗೆ ಹೋಗಬಹುದು.

ಒಂದೇ ಊನ: ನೆಟ್ಟಗೆ ಹೋಗುವುದಿಲ್ಲ. 1520ರ ಸುಮಾರಿಗೆ ವಿಜಯನಗರಕ್ಕೆ ಬಂದ ಪೋರ್ಚುಗೀಸ ಡೊಮಿಂಗೊ ಪಾಯಸ್ ತುಂಗಭದ್ರೆಯಲ್ಲಿ ಇಂಥವನ್ನೇ ಕಂಡು, ಹದಿನೈದಿಪ್ಪತ್ತು ಮಂದಿಯನ್ನು ಹೊರುತ್ತವೆ, ಆದರೆ ಸದಾ ಗಿರಗಿರ ತಿರುಗುತ್ತವೆ ಎಂದು ಬರೆದಿಟ್ಟಿದ್ದಾನೆ. ಐನೂರು ವರ್ಷವಾದರೂ ಆ ಚಾಳಿ ಬಿಟ್ಟಿಲ್ಲ. ಹುಟ್ಟನ್ನು ಮುಂದೆ ಅದ್ದಿ ತನ್ನ ಕಡೆ ಎಳೆಯಬೇಕು, ಎಡಕ್ಕೂ ಬಲಕ್ಕೂ ಸಮ ಹಾಕಬೇಕು. ನನ್ನ ಕೈಗೆ ಹುಟ್ಟು ಬಂದದ್ದೇ ತಡ, ಎಲ್ಲಮ್ಮನ ಗುಡ್ಡ ನನ್ನ ಸುತ್ತ ಪ್ರದಕ್ಷಿಣೆ ಹಾಕತೊಡಗಿತು. ಪುಣ್ಯ ಯಾರಿಗೆ ಸೇರಿತೋ.

ಈಗ ದಾಟಿಸುವ ಕೆಲಸ ಇಲ್ಲ. ಎಂ.ಕೆ. ಹುಬ್ಬಳ್ಳಿಯ ಸೇತುವೆಯ ಮೇಲೆ ಕಾರು ಕಣ್ಣು ಮಿಟುಕಿಸುವುದರೊಳಗೆ ಹೊಳೆ ದಾಟುತ್ತದೆ. ಕೂತವರಿಗೆ ಹೊಳೆ ಬಂದದ್ದೂ ತಿಳಿಯುವುದಿಲ್ಲ. ಅಂಬಿಗರಿಗೆ ಉಳಿದದ್ದು ನವಿಲುತೀರ್ಥದ ಅಣೆಕಟ್ಟಿನ ಹಿಂದೆ ನಿಂತ ನೀರು, ಅದರೊಳಗಿನ ಮೀನು.

ಸವದತ್ತಿಯ ಗುಡ್ಡಕ್ಕೆ ಬಂದವರು ಒಮ್ಮೆ ಹಿನ್ನೀರಿಗೂ ಇಳಿದು ಬನ್ನಿ. ಹರಗೋಲಿನಲ್ಲಿ ಕೂತರೆ ಕತ್ತು ಹೊರಳಿಸದೆ ನಾಲ್ಕೂ ದಿಕ್ಕು ಕಾಣುತ್ತದೆ. ಊಟ ಮಾತ್ರ ಆಮೇಲೆ ಮಾಡಿ.