ಮೂರು ಸಾಲು, ಒಂದು ಓಟು

2024ರ ಅಕ್ಟೋಬರಿನಲ್ಲಿ ನ್ಯೂಜೆರ್ಸಿಯಲ್ಲಿರುವ ನಮ್ಮ ದೊಡ್ಡಪ್ಪನ ಮಗ ವಾಟ್ಸಾಪಿನಲ್ಲಿ ಒಂದು ಪಟ್ಟಿ ಕಳಿಸಿದ. ಎಡಗಡೆ ಮೂರು ಸಾಲು: ಧರ್ಮದ ಸ್ವಾತಂತ್ರ್ಯ, ಶಿಕ್ಷಣ, ಮತದಾನದ ಹಕ್ಕು. ಎದುರಿಗೆ ಎರಡು ಹೆಸರು: ಟ್ರಂಪ್, ಹ್ಯಾರಿಸ್. ಫೆಡರಲ್ ಶಿಕ್ಷಣ ಇಲಾಖೆಯನ್ನೇ ಮುಚ್ಚುತ್ತೇನೆ ಎಂದವರು ಒಬ್ಬರು, ಉಳಿಸುತ್ತೇನೆ ಎಂದವರು ಇನ್ನೊಬ್ಬರು. ಓಟು ಹಾಕಲು ಪೌರತ್ವದ ದಾಖಲೆ ಬೇಕೆಂದವರು ಒಬ್ಬರು, ಜಾನ್ ಲೂಯಿಸ್ ಹೆಸರಿನ ಮತದಾನ ಹಕ್ಕು ಮಸೂದೆ ಪಾಸಾಗಲಿ ಎಂದವರು ಇನ್ನೊಬ್ಬರು. ಧರ್ಮದ ಸಾಲಿನಲ್ಲಿ ಇಬ್ಬರದೂ ಸ್ವಾತಂತ್ರ್ಯದ ಮಾತೇ, ಅರ್ಥ ಮಾತ್ರ ಬೇರೆ.

"ನಿಮ್ಮಲ್ಲೂ ಇಲೆಕ್ಷನ್ ಐತಲ್ಲ, ನೀನೂ ಒಂದು ಮಾಡು" ಅಂದ.

ನಮ್ಮ ರಾಷ್ಟ್ರಪತಿಯನ್ನು ಆರಿಸುವವರು ಸಂಸದರು, ಶಾಸಕರು, ನಾವಲ್ಲ. ಆದರೆ ನವೆಂಬರ್ 20ಕ್ಕೆ ಮಹಾರಾಷ್ಟ್ರ ವಿಧಾನಸಭೆಯ ಮತದಾನವಿತ್ತು. ಒಂದು ಭಾನುವಾರ ನಾಸಿಕ್‌ನ ನಮ್ಮ ಮನೆಯಲ್ಲಿ ಅಂಬಡ್ ಎಂಐಡಿಸಿಯ ಇಬ್ಬರು ಕನ್ನಡದ ಗೆಳೆಯರು, ನಾನು, ಚಹಾ ಕುಡಿಯುತ್ತ ಅದೇ ಪಟ್ಟಿ ಹಾಕಲು ಕೂತೆವು. ಹೆಣ್ಣುಮಕ್ಕಳ ಖಾತೆಗೆ ತಿಂಗಳಿಗೆ ಒಂದು ಕಡೆಯವರು 2,100 ರೂಪಾಯಿ, ಇನ್ನೊಂದು ಕಡೆಯವರು 3,000 ಎಂದಿದ್ದರು. ಅದು ಬರೆದುಕೊಳ್ಳಲು ಸುಲಭ. ಉಳಿದ ಮೂರು ಸಾಲು ತುಂಬಲೇ ಇಲ್ಲ.

ಮರುವಾರ ಕಂಪನಿ ಕೆಲಸಕ್ಕೆ ಛತ್ರಪತಿ ಸಂಭಾಜಿನಗರದ ವಾಳೂಜಿಗೆ ಬಸ್ಸು ಹತ್ತಿದೆ. ಎಷ್ಟೋ ಸಲ ನಿದ್ದೆ ಮಾಡುತ್ತ ಹೋದ ದಾರಿ. ಈ ಸಲ ಆ ಮೂರು ಸಾಲು ತಲೆಯಲ್ಲಿದ್ದವು.

ನಾಸಿಕ್‌ನ ಪಂಚವಟಿಯಲ್ಲಿ ಕಾಳಾರಾಮ ಮಂದಿರವಿದೆ. 1930ರ ಮಾರ್ಚ್ 2ರಂದು ಅಂಬೇಡ್ಕರ್, ದಾದಾಸಾಹೇಬ ಗಾಯಕವಾಡರ ಮುಂದಾಳತ್ವದಲ್ಲಿ ಸಾವಿರಾರು ದಲಿತರು ಒಳಗೆ ಬಿಡಿ ಎಂದು ಸತ್ಯಾಗ್ರಹ ಶುರುಮಾಡಿದರು. ವರ್ಷಗಟ್ಟಲೆ ನಡೆದರೂ ಬಾಗಿಲು ತೆರೆಯಲಿಲ್ಲ. ನಮ್ಮ ಬಸ್ಸು ಚಹಾಕ್ಕೆ ನಿಲ್ಲುವ ಯೇವಲಾ, ಪೈಠಣಿ ಸೀರೆಯ ಊರು. 1935ರ ಅಕ್ಟೋಬರ್ 13ರಂದು ಅಲ್ಲಿಯೇ ಅಂಬೇಡ್ಕರ್ ತಾನು ಹಿಂದೂವಾಗಿ ಸಾಯುವುದಿಲ್ಲ ಎಂದು ಘೋಷಿಸಿದರು. ಒಳಗೆ ಹೋಗುವುದಷ್ಟೇ ಅಲ್ಲ, ಬಿಟ್ಟು ಹೋಗುವುದೂ ಧರ್ಮದ ಸ್ವಾತಂತ್ರ್ಯವೇ ಎಂದು ನನಗೆ ಹೊಳೆದದ್ದು ಆ ಸ್ಟ್ಯಾಂಡಿನಲ್ಲಿ ಕಟಿಂಗ್ ಚಹಾ ಹಿಡಿದಾಗ.

ಸಂಭಾಜಿನಗರದಲ್ಲಿ ಮಿಲಿಂದ ಕಾಲೇಜಿದೆ. ಅಂಬೇಡ್ಕರರ ಪೀಪಲ್ಸ್ ಎಜುಕೇಶನ್ ಸೊಸೈಟಿ 1950ರಲ್ಲಿ ಅದನ್ನು ತೆರೆಯಿತು. ಮರುವರ್ಷ ಕಟ್ಟಡಕ್ಕೆ ಅಡಿಗಲ್ಲು ಇಟ್ಟವರು ರಾಷ್ಟ್ರಪತಿ ರಾಜೇಂದ್ರ ಪ್ರಸಾದ್. ಇನ್ನು ಓಟಿನ ಪ್ರಶ್ನೆಯನ್ನು ಅಂಬೇಡ್ಕರ್ 1919ರಲ್ಲೇ ಸೌತ್‌ಬರೋ ಸಮಿತಿಯ ಮುಂದೆ ಎತ್ತಿದ್ದರು. ಮೂರು ಸಾಲೂ ಈ ಒಂದು ದಾರಿಯ ಮೇಲೆಯೇ ಇದ್ದವು. ನಾವು ಅಭ್ಯರ್ಥಿಗಳನ್ನು ಕೇಳುವುದನ್ನೇ ಬಿಟ್ಟಿದ್ದೆವು.

ಕೇಳುವುದಾದರೂ ಹೇಗೆ? ಪಟ್ಟಿ ಹಾಕಿದ ಮೂವರಲ್ಲಿ ಒಬ್ಬನಿಗೂ ನಾಸಿಕ್‌ನಲ್ಲಿ ಓಟಿರಲಿಲ್ಲ. ಮಗಳ ಶಾಲೆ ಇಲ್ಲಿ, ನೀರಿನ ಬಿಲ್ಲು ಇಲ್ಲಿ. ನನ್ನ ಓಟು ಮಾತ್ರ ಇಂಡಿ ತಾಲೂಕಿನಲ್ಲಿ. ವಲಸೆ ಬಂದವರು ಇದ್ದಲ್ಲಿಂದಲೇ ಊರಿನ ಓಟು ಹಾಕುವ ಯಂತ್ರದ ಮಾತನ್ನು ಚುನಾವಣಾ ಆಯೋಗ 2022ರ ಡಿಸೆಂಬರಿನಲ್ಲಿ ಆಡಿತ್ತು. ಅದು ನಮ್ಮ ತನಕ ಬರಲಿಲ್ಲ. ಎರಡು ಕಡೆ ಹೆಸರು ಇಟ್ಟುಕೊಳ್ಳಲು ಕಾನೂನು ಬಿಡುವುದಿಲ್ಲ. ಉಳಿದದ್ದು ಫಾರ್ಮ್ 8.

ನವೆಂಬರ್ 20ರಂದು ಗಲ್ಲಿಯವರೆಲ್ಲ ಬೆರಳಿಗೆ ಶಾಯಿ ಹಚ್ಚಿಸಿಕೊಂಡು ಬಂದರು. ಮಗಳು ನನ್ನ ಬೆರಳು ಹಿಡಿದು ನೋಡಿ, "ಪಪ್ಪಾ, ನಿಂದು ಎಲ್ಲಿ?" ಅಂದಳು. ಆ ರಾತ್ರಿಯೇ ಫಾರ್ಮ್ ತುಂಬಲು ಕೂತೆ.

ಮೊದಲು ಅವ್ವನಿಗೆ ಫೋನು ಮಾಡಿದೆ.

"ಅಂದ್ರ ಊರಾಗಿನ ಪಟ್ಟಿಯಾಗ ನಿನ್ನ ಹೆಸರು ತಗೀತಾರೇನು?"

"ಹೌದವ್ವಾ."

ಸ್ವಲ್ಪ ಹೊತ್ತು ಸುಮ್ಮನಿದ್ದಳು. "ಓಟಿನ ನೆವದಾಗರ ಬರ್ತಿದ್ದಿ" ಅಂದಳು.

ಅದಕ್ಕೆ ನನ್ನ ಹತ್ತಿರ ಉತ್ತರವಿರಲಿಲ್ಲ. ಯುಗಾದಿಗೆ ಬರ್ತೀನಿ ಅಂದೆ. ಆಮೇಲೆ ಫಾರ್ಮ್ ಕಳಿಸಿದೆ. ಮುಂದಿನ ಸಲ ಓಟು ಕೇಳಲು ಬಂದವರ ಮುಂದೆ ಆ ಮೂರು ಸಾಲು ಹಿಡಿಯುವವನಿದ್ದೇನೆ.