ಡಾಂಬರು ಐನೂರು, ಕೆಸರು ಮೂರು

ಟೈರಿನ ಪಕ್ಕೆಯ ಮೇಲೆ ಉಬ್ಬಿ ನಿಂತಿರುವ ಅಂಕಿಗಳಲ್ಲಿ ಒಂದು ವಿಚಿತ್ರ ಸಂಧಾನವಿದೆ. 205/70 ಆರ್15 ಎಂಬ ಬರಹವನ್ನೇ ನೋಡಿ. ಮೊದಲ ಅಂಕಿ ಟೈರಿನ ಅಗಲ, ಮಿಲಿಮೀಟರಿನಲ್ಲಿ. ಎರಡನೆಯದು ಆ ಅಗಲದ ಶೇಕಡಾ ಎಷ್ಟು ಭಾಗ ಪಕ್ಕೆಯ ಎತ್ತರ ಎಂಬುದು. ಕೊನೆಯದು ರಿಮ್ಮಿನ ವ್ಯಾಸ, ಇಂಚಿನಲ್ಲಿ. ಒಂದೇ ಸಾಲಿನಲ್ಲಿ ಮೆಟ್ರಿಕ್, ಶೇಕಡಾ, ಇಂಚು ಮೂರೂ ಜಗಳವಿಲ್ಲದೆ ಕುಳಿತಿವೆ. ಸರ್ಕಾರಿ ಕಡತಗಳಲ್ಲಿಯೂ ಇಂಥ ಸಹಬಾಳ್ವೆ ಅಪರೂಪ.

ಈ ಅಂಕಿಗಳು ನಮ್ಮ ಜಿಪ್ಸಿಯವು. 2006ರ ಗಾಡಿ, 1298 ಸಿ.ಸಿ.ಯ ಪೆಟ್ರೋಲ್ ಎಂಜಿನ್, 80 ಅಶ್ವಶಕ್ತಿ, ನಾಲ್ಕೂ ಮೂಲೆಗಳಲ್ಲಿ ಎತ್ತಿನಗಾಡಿಯನ್ನು ನೆನಪಿಸುವ ಪಟ್ಟಿ ಸ್ಪ್ರಿಂಗುಗಳು. ಪುಣೆಯ ನಮ್ಮ ವಸತಿಗೃಹದ ಅಂಗಳದಲ್ಲಿ ಅದೊಂದೇ ಮುದುಕ. 2021ರಲ್ಲಿ ಅದಕ್ಕೆ 15 ವರ್ಷ ತುಂಬಿದಾಗ ಮಾರಿಬಿಡಿ ಎಂದವರೇ ಹೆಚ್ಚು. ನಾವು ತಪಾಸಣೆಗೆ ಒಯ್ದು ಇನ್ನೈದು ವರ್ಷಗಳಿಗೆ ನೋಂದಣಿ ನವೀಕರಿಸಿಕೊಂಡು ಬಂದೆವು. ಕಾರಣ ಆಯಿ. ನಮ್ಮಲ್ಲೊಬ್ಬರಿಗೆ ತಾಯಿ, ಇನ್ನೊಬ್ಬರಿಗೆ ಅತ್ತೆ. ಇಬ್ಬರೂ ಕರೆಯುವುದು ಆಯಿ ಎಂದೇ.

ಆಯಿಯ ಮನೆ ಶಿರಸಿಯ ಕಡೆಯ ಒಂದು ಅಡಿಕೆ ತೋಟದ ತಲೆಯಲ್ಲಿದೆ. ಟಾರು ರಸ್ತೆ ಮುಗಿದ ಮೇಲೆ ಮೂರು ಕಿಲೋಮೀಟರು ಮಣ್ಣುದಾರಿ: ಒಂದು ಇಳಿಜಾರು, ಒಂದು ಹಳ್ಳ, ಮತ್ತೆ ಒಂದು ಏರು. ಅವರ ಬಲಗಣ್ಣಿನ ಅಕ್ಷಿಪಟಲದ ಹಿಂದೆ ನೀರು ಸೋರುವ ಕಾಯಿಲೆ. ತಿಂಗಳಿಗೊಮ್ಮೆ ಹುಬ್ಬಳ್ಳಿಗೆ ಹೋಗಿ ಕಣ್ಣಿನೊಳಗೆ ಇಂಜೆಕ್ಷನ್ ಹಾಕಿಸಿಕೊಳ್ಳಬೇಕು. ದಿನ ತಪ್ಪಿದರೆ ನೋಟದ ನಡುವಿನ ಕಪ್ಪು ಚುಕ್ಕೆ ಬೆಳೆಯುತ್ತದೆ. 2023ರ ಜುಲೈಯಲ್ಲಿ, ನಮಗೆ ರಜೆ ಸಿಗದ ತಿಂಗಳು, ಊರಿನ ಬಾಡಿಗೆ ಜೀಪು ಆ ಏರಿನಲ್ಲಿ ಮೂರು ಸಲ ಜಾರಿ ಹಿಂದಿರುಗಿತು. ಮಳೆ ಬಿಡುವಷ್ಟರಲ್ಲಿ ಒಂಬತ್ತು ದಿನ ಕಳೆದಿತ್ತು. ಆ ಬಳಿಕ ಆಯಿ ಪಂಚಾಂಗವನ್ನು ಎಡಗಣ್ಣಿನ ಹತ್ತಿರ ಹಿಡಿದು ಓದತೊಡಗಿದರು. ಯಾರಿಗೂ ಏನನ್ನೂ ಹೇಳಲಿಲ್ಲ.

ಹೀಗಾಗಿ 2024ರ ಬೇಸಗೆಯಲ್ಲಿ, ಸವೆದ ಟೈರುಗಳನ್ನು ಬದಲಿಸುವ ಹೊತ್ತಿಗೆ, ದೊಡ್ಡ ಟೈರುಗಳ ಪ್ರಶ್ನೆ ಎದ್ದಿತು. ನಮ್ಮಲ್ಲೊಬ್ಬರ ಮನಸ್ಸು 235/75 ಆರ್15ರ ಮೇಲೆ, ಅದೂ ಆಳವಾದ ಹಲ್ಲುಗಳುಳ್ಳ ಕೆಸರಿನ ಟೈರಿನ ಮೇಲೆ ನೆಟ್ಟಿತ್ತು. ಇನ್ನೊಬ್ಬರದು 215/75ರ ಮೇಲೆ. ಯಾರದು ಯಾವುದೆಂದು ಇಲ್ಲಿ ಹೇಳುವುದಿಲ್ಲವೆಂದು ಮನೆಯಲ್ಲಿ ಒಪ್ಪಂದವಾಗಿದೆ.

ಅಂಗಡಿಯವರಿಗೆ ಯಾವ ಅನುಮಾನವೂ ಇರಲಿಲ್ಲ. ದೊಡ್ಡದನ್ನೇ ಹಾಕಿಸಿ, ಗಾಡಿ ರುಬಾಬ್‌ದಾರ್ ಕಾಣುತ್ತದೆ ಎಂದರು. ಪುಣೆಯಲ್ಲಿ ಇಷ್ಟು ವರ್ಷವಿದ್ದು ರುಬಾಬಿನ ಬೆಲೆ ನಮಗೆ ಗೊತ್ತಿಲ್ಲದೆ ಇಲ್ಲ. ಆದರೂ ನಾವು ಒಂದು ಹಾಳೆ ತೆಗೆದುಕೊಂಡು ಕುಳಿತೆವು. ಮೂಲ ಟೈರಿನ ಒಟ್ಟು ವ್ಯಾಸ 668 ಮಿ.ಮೀ. 215/75ರದ್ದು 703.5. 235/75ರದ್ದು 733.5. ಮೊದಲನೆಯದು ಶೇಕಡಾ 5.3ರಷ್ಟು ದೊಡ್ಡದು, ಎರಡನೆಯದು ಶೇಕಡಾ 9.8ರಷ್ಟು. ನೆಲದಿಂದ ಗಾಡಿ ಏರುವುದು ಈ ಹೆಚ್ಚಳದ ಅರ್ಧದಷ್ಟೇ: ಒಂದರಲ್ಲಿ 18 ಮಿ.ಮೀ. ಹತ್ತಿರ, ಇನ್ನೊಂದರಲ್ಲಿ 33. ಒಂದೂವರೆ ಸೆಂಟಿಮೀಟರಿನ ಈ ವ್ಯತ್ಯಾಸಕ್ಕಾಗಿ ಏನೇನು ತೆರಬೇಕು ಎಂಬುದೇ ಲೆಕ್ಕದ ತಿರುಳು.

ಗಾಲಿ ದೊಡ್ಡದಾದಷ್ಟೂ ಗಿಯರುಗಳು ಸಡಿಲಗೊಂಡಂತೆ. ಎಂಜಿನ್ ಒಂದು ಸುತ್ತು ಸುತ್ತಿದಾಗ ಗಾಡಿ ಮೊದಲಿಗಿಂತ ಹೆಚ್ಚು ದೂರ ಹೋಗಬೇಕು. ಆದರೆ ತಳ್ಳುವ ಬಲ ಅಷ್ಟೇ ಕಡಿಮೆ. ದೊಡ್ಡ ಡೀಸೆಲ್ ಎಂಜಿನ್ನಿಗೆ ಇದು ಲೆಕ್ಕಕ್ಕೆ ಬಾರದಿರಬಹುದು. ಜಿಪ್ಸಿಯ ಪುಟ್ಟ ಎಂಜಿನ್ ಮೇಲಿನ ವೇಗದಲ್ಲಷ್ಟೇ ಉತ್ಸಾಹ ತೋರುವಂಥದು. ಏರಿನಲ್ಲಿ ಶೇಕಡಾ ಹತ್ತು ಬಲವನ್ನು ಅದರ ಕೈಯಿಂದ ಕಿತ್ತುಕೊಂಡರೆ, ಕ್ಲಚ್ಚನ್ನು ಅರ್ಧ ಒತ್ತಿ ಸುಡುತ್ತ ಹತ್ತಿಸಬೇಕಾಗುತ್ತದೆ. ಬ್ರೇಕಿಗೂ ಅದೇ ಗತಿ. ಅದು ನಿಲ್ಲಿಸಬೇಕಾದ ಚಕ್ರ ಭಾರವಾಗಿದೆ, ವ್ಯಾಸವೂ ಬೆಳೆದಿದೆ; ಬ್ರೇಕು ಮಾತ್ರ ಹಳೆಯದೇ. ನಮ್ಮ ಗಾಡಿಯ ರಿಮ್ಮಿನ ಅಗಲ ಐದೂವರೆ ಇಂಚು; 235/75ಕ್ಕೆ ಕನಿಷ್ಠ ಆರಿಂಚು ಬೇಕು. ಪೂರ್ತಿ ತಿರುಗಿಸಿದಾಗ ಅದು ಮೈಗೆ ಉಜ್ಜುತ್ತದೆ, ಹಾಗಾಗಿ ಗಾಡಿಯನ್ನೇ ಎತ್ತರಿಸಬೇಕು. ಎತ್ತರಿಸಿದರೆ, ಮೊದಲೇ ಕಿರಿದಾಗಿ ನೆಟ್ಟಗೆ ನಿಂತಿರುವ ಗಾಡಿ ತಿರುವಿನಲ್ಲಿ ಇನ್ನಷ್ಟು ವಾಲುತ್ತದೆ. ಒಂದು ಟೈರಿನ ಆಸೆ ರಿಮ್, ಸ್ಪ್ರಿಂಗು, ಬ್ರೇಕುಗಳನ್ನೆಲ್ಲ ಒಂದೊಂದಾಗಿ ಬಾಗಿಲಿಗೆ ಕರೆತರುತ್ತದೆ.

ಜೊತೆಗೆ ಕಾನೂನು. 1988ರ ಮೋಟಾರು ವಾಹನ ಕಾಯ್ದೆಯ 52ನೆಯ ಕಲಮು, ತಯಾರಕರು ನಮೂದಿಸಿದ ಮೂಲ ವಿವರಗಳಿಂದ ನೋಂದಣಿಪತ್ರದ ವಿವರಗಳು ಬೇರೆಯಾಗುವಂತೆ ಗಾಡಿಯನ್ನು ಮಾರ್ಪಡಿಸಬಾರದೆನ್ನುತ್ತದೆ. 2019ರ ಜನವರಿಯಲ್ಲಿ ಸರ್ವೋಚ್ಚ ನ್ಯಾಯಾಲಯವೂ ಅದನ್ನು ಬಿಗಿಯಾಗಿಯೇ ಎತ್ತಿಹಿಡಿಯಿತು. ಐದು ವರ್ಷಕ್ಕೊಮ್ಮೆ ತಪಾಸಣೆಯ ಮುಂದೆ ನಿಲ್ಲಬೇಕಾದ ಗಾಡಿ ತನ್ನ ಮೂಲರೂಪಕ್ಕೆ ಆದಷ್ಟು ಹತ್ತಿರವಿರುವುದು ಲೇಸು.

ಆದರೆ ನಿಜವಾಗಿ ವಾದ ತೀರಿದ್ದು ಹಾಳೆಯ ಮೇಲಲ್ಲ, ಇಂಗ್ಲಿಷಿನ ಒಂದು ಪದದಿಂದ. ಟೈರ್ ಎಂಬುದು ಉಡುಗೆ ಎಂಬರ್ಥದ ‘ಅಟೈರ್’ನ ಮೊಟಕು ರೂಪ. ಮರದ ಚಕ್ರಕ್ಕೆ ತೊಡಿಸುವ ಕಬ್ಬಿಣದ ಕವಚವೇ ಚಕ್ರದ ಉಡುಗೆ. ಈ ಮಾತು ಬಂದಾಗ ನಮಗೆ ಅಪ್ಪಯ್ಯನ ಗಾಡಿ ನೆನಪಾಯಿತು. ಕಬ್ಬಿಣದ ಬಳೆಯನ್ನು ಕೆಂಪಗೆ ಕಾಸಿ, ಚಕ್ರಕ್ಕೆ ತೊಡಿಸಿ, ನೀರು ಹೊಯ್ದು ಬಿಗಿಗೊಳಿಸುತ್ತಿದ್ದರು. ಆ ಚಕ್ರಗಳು ಎದೆಯೆತ್ತರ, ಆದರೆ ನೆಲ ಮುಟ್ಟುವ ಅಗಲ ಮೂರು ಬೆರಳು ಮಾತ್ರ. ಅದೇ ಮಣ್ಣುದಾರಿಯಲ್ಲಿ, ಅದೇ ಮಳೆಯಲ್ಲಿ ಗೊಬ್ಬರ ಹೊತ್ತು ಓಡಾಡಿದವು.

ಅದಕ್ಕೆ ಕಾರಣವೂ ಇದೆ. ಅಗಲವಾದ ಟೈರು ಮರಳಿನ ಮೇಲೆ ತೇಲಲು ಒಳ್ಳೆಯದು. ಅಲ್ಲಿ ಕೆಳಗೆ ಹುಡುಕಿ ಹೋಗುವಂಥ ಗಟ್ಟಿ ನೆಲವಿಲ್ಲ. ನಮ್ಮ ದಾರಿಯ ಕೆಸರು ಗೇಣುದ್ದದ್ದು. ಅದರಡಿ ಜಂಬಿಟ್ಟಿಗೆಯ ಕಲ್ಲುನೆಲ. ಅಲ್ಲಿ ಬೇಕಾದದ್ದು ಮೇಲಿನ ಲೋಳೆಯನ್ನು ಸೀಳಿ ಕೆಳಗಿನ ಗಟ್ಟಿಯನ್ನು ಮುಟ್ಟುವ ಕಿರಿದಾದ ಟೈರು. ಎತ್ತರ ಸ್ವಲ್ಪ ಹೆಚ್ಚಿದರೆ ಲಾಭ, ಅಗಲ ಹೆಚ್ಚಿದರೆ ನಷ್ಟ. 235 ನಮಗೆ ಕೊಡುತ್ತಿದ್ದದ್ದು ಮುಖ್ಯವಾಗಿ ಅಗಲವನ್ನೇ.

ಹಲ್ಲಿನ ಪ್ರಶ್ನೆ ಬೇಗ ತೀರಿತು. ಪುಣೆಯಿಂದ ಊರಿಗೆ ಐನೂರಕ್ಕೂ ಮಿಕ್ಕಿ ಕಿಲೋಮೀಟರು ಹೆದ್ದಾರಿ, ಆಮೇಲೆ ಮೂರು ಕೆಸರು. ಕೆಸರಿನ ಟೈರಿನ ದೊಡ್ಡ ಹಲ್ಲುಗಳು ಒದ್ದೆ ಡಾಂಬರಿನ ಮೇಲೆ ಹಿಡಿತ ಕಳೆದುಕೊಳ್ಳುತ್ತವೆ. ಹಲ್ಲಿನ ಮೇಲೆ ಸಣ್ಣ ಸೀಳುಗಳು ಕಡಿಮೆ, ನೆಲ ಮುಟ್ಟುವ ರಬ್ಬರೂ ಕಡಿಮೆ. ಜುಲೈಯ ಮಳೆಯಲ್ಲಿ ಬೆಳಗಾವಿಯ ಆಚೀಚೆ ಲಾರಿಗಳ ನಡುವೆ ಬ್ರೇಕು ಒತ್ತಬೇಕಾದಾಗ ಬೇಕಾದದ್ದು ಆ ಸೀಳುಗಳೇ. ಎರಡೂ ನೆಲಕ್ಕೆ ಸಲ್ಲುವ ಮಧ್ಯಮ ಹಲ್ಲಿನ 215/75ನ್ನು ಆರಿಸಿದೆವು.

ಕೊಳ್ಳುವಾಗ ಇನ್ನೊಂದು ಅಂಕಿಯನ್ನೂ ಓದಬೇಕು. ಪಕ್ಕೆಯ ಮೇಲೆ ನಾಲ್ಕು ಅಂಕಿಗಳ ಗುರುತಿರುತ್ತದೆ, ಮೊದಲೆರಡು ವಾರ, ಕೊನೆಯೆರಡು ವರ್ಷ. ನಮಗೆ ರಿಯಾಯಿತಿಯಲ್ಲಿ ತೋರಿಸಿದ ಮೊದಲ ಜೋಡಿಯ ಮೇಲೆ 1420 ಎಂದಿತ್ತು. 2020ರ ಹದಿನಾಲ್ಕನೆಯ ವಾರ. ನಾಲ್ಕು ವರ್ಷ ಗೋದಾಮಿನಲ್ಲಿ ಗಟ್ಟಿಯಾಗುತ್ತ ಬಿದ್ದಿದ್ದ ರಬ್ಬರು. ಬೇಡವೆಂದು ಒಂದು ವಾರ ಕಾದು ಹೊಸದನ್ನು ತರಿಸಿಕೊಂಡೆವು. ನಾಲ್ಕಲ್ಲ, ಐದು. ನಾಲ್ಕು ಚಕ್ರಗಳಿಗೂ ಬಲ ಹರಿಯುವಾಗ ಒಂದು ಗಾಲಿಯ ವ್ಯಾಸ ಬೇರೆಯಾದರೆ ಗಿಯರುಗಳ ನಡುವೆ ಎಳೆದಾಟ ಶುರುವಾಗುತ್ತದೆ. ಹಿಂಬಾಗಿಲಿಗೆ ತೂಗುವ ಸ್ಟೆಪ್ನಿಗೂ ಅದೇ ಉಡುಗೆ ಬೇಕು.

ಕಳೆದ ಎರಡು ತಿಂಗಳ ಮಳೆಯಲ್ಲಿ ಈ ಟೈರುಗಳು ಆ ಏರನ್ನು ನಾಲ್ಕು ಸಲ ಹತ್ತಿವೆ. ಟಾರು ಮುಗಿಯುವಲ್ಲಿ ಗಾಡಿ ನಿಲ್ಲಿಸಿ ಗಾಳಿಯನ್ನು 26 ಪೌಂಡಿನಿಂದ 18ಕ್ಕೆ ಇಳಿಸುತ್ತೇವೆ, ಹಿಂದಿರುಗುವಾಗ ಕಾಲುಪಂಪಿನಿಂದ ತುಂಬುತ್ತೇವೆ. ಅದು ನಮ್ಮಿಬ್ಬರ ವ್ಯಾಯಾಮ. ಒಂದು ಸಲ ಹಳ್ಳ ಉಕ್ಕಿ ಹರಿಯುತ್ತಿತ್ತು. ಹರಿಯುವ ನೀರಿಗೆ ಯಾವ ಟೈರೂ ಉತ್ತರವಲ್ಲ. ದಂಡೆಯಲ್ಲಿ ಎರಡು ಗಂಟೆ ಕುಳಿತು, ನೀರು ಇಳಿದ ಮೇಲೆ ದಾಟಿದೆವು. ಆಯಿ ಹಿಂದಿನ ಸೀಟಿನಲ್ಲಿ ಕುಳಿತು, “ಗಾಲಿ ದೊಡ್ಡದಾದರೆ ಮಳೆ ಸಣ್ಣದಾಗ್ತದೇನ?” ಎಂದರು. ಹುಬ್ಬಳ್ಳಿಯ ವೈದ್ಯರು ಸಂಜೆಯವರೆಗೆ ಕಾದಿದ್ದರು. ಈ ಮಳೆಗಾಲದಲ್ಲಿ ಒಂದು ದಿನವೂ ತಪ್ಪಿಲ್ಲ. ಕಪ್ಪು ಚುಕ್ಕೆ ಇದ್ದಷ್ಟೇ ಇದೆ, ಚಿಕ್ಕದಾಗಿಲ್ಲ.

ಗಾಡಿಯ ವೇಗಸೂಚಿ ಈಗ ಸುಳ್ಳು ಹೇಳುತ್ತದೆ, ಹಳೆಯ ಗಾಲಿಯ ಲೆಕ್ಕವೇ ಅದಕ್ಕಿನ್ನೂ ಗೊತ್ತಿರುವುದು. ಅದರ ಕೆಳಗೆ ಒಂದು ಚೀಟಿ ಅಂಟಿಸಿದ್ದೇವೆ: 60 ಎಂದರೆ 63, 80 ಎಂದರೆ 84.